ಕಾಯದ ಅಳತೆ, ಕಾಯಕದ ಅಳತೆ

2025ನೆಯ ಇಸವಿ ಮೇ 30ರಂದು ಪುಣೆಯ ಸಮೀಪದ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಶಿಕ್ಷಣ ಮುಗಿಸಿ ಹೊರಬಂದ ತರುಣರ ಪಂಕ್ತಿಯಲ್ಲಿ 17 ಮಂದಿ ತರುಣಿಯರೂ ಇದ್ದರು. ಆ ಸಂಸ್ಥೆ ಸ್ಥಾಪನೆಯಾದಂದಿನಿಂದ ಹೆಣ್ಣುಮಕ್ಕಳು ಅಲ್ಲಿಂದ ಉತ್ತೀರ್ಣರಾಗಿ ಹೊರಬಂದದ್ದು ಅದೇ ಮೊದಲು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆದೇಶದಿಂದ ಅವರಿಗೆ ಆ ಬಾಗಿಲು ತೆರೆದಿತ್ತು. ವೃತ್ತಪತ್ರಿಕೆಗಳು ಈ ಸುದ್ದಿಯನ್ನು ಹರ್ಷದಿಂದ ಪ್ರಕಟಿಸಿದವು; ಹರ್ಷಪಡುವುದು ಸಹಜವೂ ಹೌದು. ಆದರೆ ಹರ್ಷದ ಹಿಂದೆಯೇ ಒಂದು ಪ್ರಶ್ನೆಯೂ ಅಲ್ಲಲ್ಲಿ ಕೇಳಿಬರುತ್ತಿದೆ. ರಣರಂಗದಲ್ಲಿ ನೇರವಾಗಿ ಹೋರಾಡುವ ದಳಗಳಿಗೆ ಮುಂದೆ ಸ್ತ್ರೀಯರನ್ನೂ ತೆಗೆದುಕೊಳ್ಳುವುದಾದರೆ, ಅವರ ದೇಹಬಲವನ್ನು ಪರೀಕ್ಷಿಸುವ ಅಳತೆಯು ಪುರುಷರಿಗಿರುವ ಅಳತೆಯೇ ಆಗಿರಬೇಕೆ, ಅಥವಾ ಬೇರೆಯಾಗಿರಬೇಕೆ?

ಮೇಲ್ನೋಟಕ್ಕೆ ಇದು ಸೇನಾಧಿಕಾರಿಗಳೂ ವೈದ್ಯರೂ ಕುಳಿತು ಇತ್ಯರ್ಥಪಡಿಸಬೇಕಾದ ಆಡಳಿತದ ವಿಷಯ. ಮಠದ ಮಾಸಪತ್ರಿಕೆಗೆ ಇದರ ಗೊಡವೆ ಏತಕ್ಕೆಂದು ಕೆಲವರು ಕೇಳಿಯಾರು. ಆದರೆ ಒಬ್ಬರ ಯೋಗ್ಯತೆಯನ್ನು ಇನ್ನೊಬ್ಬರು ಅಳೆಯತೊಡಗಿದಲ್ಲೆಲ್ಲ ಧರ್ಮದ ಪ್ರಶ್ನೆ ಹುಟ್ಟುತ್ತದೆ. ಹಿಡಿದ ಕೋಲು ಸರಿಯಾದುದೇ, ಅಳೆಯುವವನ ಮನಸ್ಸು ನಿರ್ಮಲವೇ, ಯಾವುದನ್ನು ಅಳೆಯಬೇಕೋ ಅದನ್ನೇ ಅವನು ಅಳೆಯುತ್ತಿದ್ದಾನೆಯೇ ಎಂದು ವಿಚಾರಿಸಬೇಕಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಹುಟ್ಟಿನ ಕೋಲಿನಿಂದ ಮನುಷ್ಯನನ್ನು ಅಳೆಯುವ ಪದ್ಧತಿಯನ್ನು ತಿರಸ್ಕರಿಸಿ ಆ ಸ್ಥಾನದಲ್ಲಿ ಕಾಯಕವನ್ನು ಇಟ್ಟರು. ಆ ಪರಂಪರೆಯವರಾದ ನಮಗೆ ಈ ವಿಚಾರ ಪರಕೀಯವಲ್ಲ. ಮೇಲಾಗಿ ಇಲ್ಲಿ ಅಳತೆ ತಪ್ಪಿದರೆ ಹೋಗುವುದು ಪ್ರಾಣ. ಯೋಗ್ಯಳಾದವಳನ್ನು ಹೊರಗಿಟ್ಟರೆ ಅವಳಿಗೆ ಅನ್ಯಾಯ; ಶಕ್ತರಲ್ಲದವರನ್ನು, ಅವರು ಗಂಡಾಗಲಿ ಹೆಣ್ಣಾಗಲಿ, ಒಳಗೆ ಬಿಟ್ಟರೆ ಪಕ್ಕದಲ್ಲಿ ನಿಂತು ಹೋರಾಡುವ ಸಂಗಾತಿಗೆ ಅನ್ಯಾಯ.

ಅಹಿಂಸೆಯನ್ನು ಬೋಧಿಸುವವರು ಯುದ್ಧದ ಮಾತಾಡಬಹುದೇ ಎಂಬ ಆಕ್ಷೇಪಣೆಯೂ ಉಂಟು. ಯುದ್ಧ ಇಲ್ಲದಿರುವುದೇ ಲೇಸು, ಸಂದೇಹವಿಲ್ಲ. ಆದರೂ ಗಡಿಯನ್ನು ಕಾಯುವವರು ಇರುವತನಕ ಅವರನ್ನು ಆರಿಸುವ ಕ್ರಮ ನ್ಯಾಯವಾಗಿರಬೇಕಲ್ಲವೇ? ಊರನ್ನು ಕಾಯುವ ತಳವಾರಿಕೆಯನ್ನೇ ಕಾಯಕವಾಗಿ ಉಳ್ಳ ಕಾಮಿದೇವರು ಶರಣರ ಸಾಲಿನಲ್ಲಿ ಸೇರಿದ್ದಾರೆಂಬುದನ್ನು ನೆನೆದು ಮುಂದುವರಿಯೋಣ.

ಈ ಚರ್ಚೆ ಎದ್ದಾಗಲೆಲ್ಲ ನಮ್ಮ ಸಭೆಗಳಲ್ಲಿ ಕಿತ್ತೂರು ಚೆನ್ನಮ್ಮನವರ ಹೆಸರು ಬರುತ್ತದೆ. ಔರಂಗಜೇಬನಿಗೆ ಹೆದರದೆ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮಾಜಿಯವರ ಹೆಸರು ಬರುತ್ತದೆ. ಬೆಳವಡಿ ಮಲ್ಲಮ್ಮ, ಒನಕೆ ಓಬವ್ವ ಎಂದು ಪಟ್ಟಿ ಬೆಳೆಯುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಈ ಮಹಾತಾಯಂದಿರ ವಿಷಯದಲ್ಲಿ ನಮಗಿರುವ ಪೂಜ್ಯಭಾವ ಯಾರಿಗೂ ಕಡಿಮೆಯಾದುದಲ್ಲ. ಆದರೆ ಅವರ ಹೆಸರನ್ನು ಹೇಳಿದ ಮಾತ್ರಕ್ಕೆ ಪ್ರಸ್ತುತ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಧೈರ್ಯದಲ್ಲಿ ಸ್ತ್ರೀಯರು ಕಡಿಮೆಯೇ ಎಂದು ಯಾರಾದರೂ ಕೇಳಿದ್ದರೆ ಆ ಉತ್ತರ ಸಾಕಾಗುತ್ತಿತ್ತು. ಇಂದಿನ ಪ್ರಶ್ನೆ ಧೈರ್ಯದ್ದಲ್ಲ. ಬೆನ್ನ ಮೇಲಿನ ಹೊರೆಯದು.

ಹಾಗೆಯೇ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬ ಶರಣಸಿದ್ಧಾಂತವನ್ನು ಇಲ್ಲಿ ನೇರವಾಗಿ ತಂದು ಹೂಡುವುದೂ ಸರಿಯಲ್ಲ. ಸಿದ್ಧಾಂತ ಸತ್ಯ. ಆದರೆ 155 ಮಿಲಿಮೀಟರಿನ ಫಿರಂಗಿಯ ಗುಂಡು ಸುಮಾರು 43 ಕಿಲೋ ತೂಗುತ್ತದೆ. ಅದನ್ನು ಆತ್ಮವು ಎತ್ತುವುದಿಲ್ಲ, ತೋಳು ಎತ್ತುತ್ತದೆ. ಕಾಲ್ದಳದ ಯೋಧನು 30ರಿಂದ 45 ಕಿಲೋದಷ್ಟು ಭಾರ ಹೊತ್ತು ಮೈಲಿಗಟ್ಟಲೆ ನಡೆಯಬೇಕಾಗುತ್ತದೆ. ಗಾಯಗೊಂಡು ಬಿದ್ದ ಸಂಗಾತಿಯನ್ನು, ಅವನ ಕವಚ, ಶಸ್ತ್ರಗಳ ಸಮೇತ, ಗುಂಡಿನ ಮಳೆಯೊಳಗಿಂದ ಎಳೆದು ತರಬೇಕಾಗುತ್ತದೆ. ಶರೀರಶಾಸ್ತ್ರಜ್ಞರ ಪ್ರಕಾರ ಪ್ರಾಯಕ್ಕೆ ಬಂದ ನಂತರ ಸರಾಸರಿ ಸ್ತ್ರೀಯ ತೋಳು, ಹೆಗಲುಗಳ ಬಲವು ಸರಾಸರಿ ಪುರುಷನ ಬಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಾಲಿನ ಬಲದಲ್ಲಿ ಅಂತರ ಅಷ್ಟಿಲ್ಲ. ಇದನ್ನು ಮುಚ್ಚಿಡುವುದು ಸ್ತ್ರೀಪಕ್ಷಪಾತವಾಗದು. ಸತ್ಯಕ್ಕೆ ಅಂಜಿದ ಸಮಾನತೆ ಬಹಳ ದಿನ ನಿಲ್ಲುವುದಿಲ್ಲ. ಆದರೆ ಅದೇ ಶಾಸ್ತ್ರ ಇನ್ನೊಂದನ್ನೂ ಹೇಳುತ್ತದೆ. ಇವು ಸರಾಸರಿಗಳು. ಎರಡು ಗುಂಪುಗಳ ಬಲಗಳು ನಡುವೆ ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಬಲಿಷ್ಠಳಾದ ಸ್ತ್ರೀಯು ಎಷ್ಟೋ ಜನ ಪುರುಷರಿಗಿಂತ ಬಲಿಷ್ಠಳಾಗಿರುತ್ತಾಳೆ. ಸೈನ್ಯಕ್ಕೆ ಸೇರುವುದು ಸರಾಸರಿಯಲ್ಲ, ಹೆಸರೂ ಊರೂ ಉಳ್ಳ ಒಬ್ಬ ವ್ಯಕ್ತಿ.

ಇನ್ನು ಮುಖ್ಯವಿಚಾರಕ್ಕೆ ಬರೋಣ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವನ್ನು ವಾಚಕರು ನೋಡಿದ್ದಾರೆ. ಕಲ್ಲನ್ನು ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಚೆಲ್ಲುವವನಿಗೆ ಪೇಟವೂ ಬೆಳ್ಳಿಯ ಕಡಗವೂ ದೊರೆಯುತ್ತವೆ. ಈಗ ಒಬ್ಬ ರೈತನಿಗೆ ಕಣದಿಂದ ಜೋಳದ ಚೀಲಗಳನ್ನು ಬಂಡಿಗೆ ಹೇರಲು ಆಳು ಬೇಕಾಗಿದೆಯೆನ್ನಿ. ಆ ರೈತನು ಆಳನ್ನು ಆರಿಸುವಾಗ ಸಂಗ್ರಾಣಿ ಕಲ್ಲನ್ನು ಮುಂದಿಟ್ಟು ಇದನ್ನು ಎತ್ತಿದವನಿಗೆ ಮಾತ್ರ ಕೆಲಸವೆಂದರೆ ಅದು ಅನ್ಯಾಯ. ಏಕೆಂದರೆ ಕಲ್ಲು ಚೀಲಕ್ಕಿಂತ ಭಾರ. ಚೀಲ ಹೇರಬಲ್ಲ ಎಷ್ಟೋ ಜನ ಕಲ್ಲಿನ ಮುಂದೆ ಸೋತು ಹಿಂದಿರುಗುತ್ತಾರೆ. ಮರುಕದಿಂದ ಇನ್ನೊಬ್ಬ ರೈತನು ಬಡಕಲು ಆಳಿಗೆ ಅರ್ಧ ಚೀಲ ಎತ್ತಿಸಿ, ನಿನ್ನ ಮೈಗೆ ಇಷ್ಟೇ ಸಾಕು, ನೀನೂ ಗೆದ್ದೆ ಎಂದು ಕೆಲಸಕ್ಕೆ ಸೇರಿಸಿಕೊಂಡರೆ ಅದೂ ಸರಿಯಲ್ಲ. ಮರುದಿನ ಬೆಳಗ್ಗೆ ಕಣದಲ್ಲಿ ನಿಂತಿರುವುದು ಪೂರ್ಣ ಚೀಲ. ಆಗ ಉಳಿದರ್ಧದ ಭಾರ ಪಕ್ಕದ ಆಳಿನ ಹೆಗಲಿಗೆ ಬೀಳುತ್ತದೆ. ಜೋಳದ ಚೀಲವನ್ನೇ ಮುಂದಿಟ್ಟು ಪರೀಕ್ಷಿಸುವುದು ನ್ಯಾಯವಾದ ಕ್ರಮ. ಅದನ್ನು ಎತ್ತಿದವರು ಯಾರೆಂದು ಚೀಲ ಕೇಳುವುದಿಲ್ಲ.

ದೂರದಿಂದ ನೋಡಿದರೆ ಇಷ್ಟೇ ವಿಷಯ. ಆದರೂ ಲೋಕದ ಸೇನೆಗಳು ಇದರಲ್ಲಿ ಪದೇ ಪದೇ ಮುಗ್ಗರಿಸಿವೆ. ಆರೋಗ್ಯದ ಅಳತೆಯನ್ನೂ ಕೆಲಸದ ಅಳತೆಯನ್ನೂ ಒಂದಾಗಿ ಬೆರೆಸಿದ್ದು ಅದಕ್ಕೆ ಕಾರಣ. ಅಮೆರಿಕದ ಭೂಸೇನೆಯಲ್ಲಿ 1980ರಿಂದ ಸುಮಾರು 40 ವರ್ಷ ನಡೆದ ಪರೀಕ್ಷೆಯನ್ನು ನೋಡಿರಿ. 17ರಿಂದ 21 ವರ್ಷದೊಳಗಿನ ಪುರುಷನು ಉತ್ತೀರ್ಣನಾಗಲು 42 ದಂಡ ಹೊಡೆಯಬೇಕು, ಸ್ತ್ರೀಗೆ 19 ಸಾಕು. ಎರಡು ಮೈಲಿ ಓಡಲು ಅವನಿಗೆ 15 ನಿಮಿಷ 54 ಸೆಕೆಂಡು, ಅವಳಿಗೆ 18 ನಿಮಿಷ 54 ಸೆಕೆಂಡು. ಅಂಗಾತ ಮಲಗಿ ಏಳುವ ಕಸರತ್ತು ಮಾತ್ರ ಇಬ್ಬರಿಗೂ 53. ನಮ್ಮಲ್ಲಿಯೂ ಸೇನಾ ಪೊಲೀಸ್ ದಳಕ್ಕೆ ಸೇರುವ ಹೆಣ್ಣುಮಕ್ಕಳು 1.6 ಕಿಲೋಮೀಟರನ್ನು 7 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ ಮೊದಲ ವರ್ಗದಲ್ಲಿ ಬರುತ್ತಾರೆ. ಸೈನಿಕ ಭರ್ತಿಯ ಗಂಡುಮಕ್ಕಳಿಗೆ ಬಹುಕಾಲದಿಂದ ಆ ವರ್ಗಕ್ಕೆ ಇದ್ದ ಮಿತಿ 5 ನಿಮಿಷ 30 ಸೆಕೆಂಡು. ಆ ದಳದ ಮೊದಲ 83 ಹೆಣ್ಣುಮಕ್ಕಳು 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತರಬೇತಿ ಮುಗಿಸಿದರು.

ಇದು ಪಕ್ಷಪಾತವೇ? ಅಳೆಯುತ್ತಿರುವುದು ಏನೆಂಬುದನ್ನು ಅರಿಯದೆ ಉತ್ತರ ಹೇಳಲಾಗದು. ಈ ವ್ಯಕ್ತಿ ತನ್ನ ದೇಹವನ್ನು ಸೋಮಾರಿತನಕ್ಕೆ ಒಪ್ಪಿಸದೆ ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆಯೇ ಎಂಬುದು ಪ್ರಶ್ನೆಯಾಗಿದ್ದರೆ, ಅವರವರ ದೇಹಪ್ರಕೃತಿಗೆ ತಕ್ಕ ಬೇರೆ ಬೇರೆ ಅಳತೆ ಇರುವುದೇ ಧರ್ಮ. 19 ದಂಡ ಹೊಡೆದ ಹುಡುಗಿಯೂ 42 ಹೊಡೆದ ಹುಡುಗನೂ ತಂತಮ್ಮ ದೇಹಕ್ಕೆ ಮಾಡಿದ ಸಾಧನೆ ಹೆಚ್ಚುಕಡಿಮೆ ಸಮನಾಗಿರಬಹುದು. ಕಚೇರಿಯಲ್ಲಿ ಲೆಕ್ಕ ಬರೆಯುವವರು, ಶುಶ್ರೂಷೆ ಮಾಡುವವರು, ನಿಸ್ತಂತುವಿನ ಬಳಿ ಕುಳಿತವರು, ಇವರಿಗೆಲ್ಲ ಈ ಅಳತೆ ಸಾಕು. ಆದರೆ ಈ ವ್ಯಕ್ತಿ 43 ಕಿಲೋದ ಗುಂಡನ್ನು ದಿನವಿಡೀ ಎತ್ತಿಡಬಲ್ಲರೇ ಎಂಬುದು ಪ್ರಶ್ನೆಯಾದಲ್ಲಿ ದೇಹಪ್ರಕೃತಿಯ ಕೋಷ್ಟಕಕ್ಕೆ ಕೆಲಸವಿಲ್ಲ. ಮೊದಲನೆಯದು ಕಾಯದ ಅಳತೆ, ಎರಡನೆಯದು ಕಾಯಕದ ಅಳತೆ. ಒಂದರ ಜಾಗದಲ್ಲಿ ಮತ್ತೊಂದನ್ನು ಇಟ್ಟಾಗ ಎರಡು ಕಡೆಯಿಂದಲೂ ಅನ್ಯಾಯ ಹುಟ್ಟುತ್ತದೆ.

ಇಷ್ಟು ಹೇಳಿದ ಕೂಡಲೇ ಕೆಲವರು, ಹಾಗಾದರೆ ಮುಗಿಯಿತು, ಪುರುಷರ ಅಳತೆಯನ್ನೇ ಸ್ತ್ರೀಯರಿಗೂ ಇಡೋಣವೆನ್ನುತ್ತಾರೆ. ಇಲ್ಲಿಯೇ ಎಚ್ಚರಿಕೆ ಬೇಕು. ಪುರುಷರ ಅಳತೆಯೆಂಬುದೂ ಕೆಲಸದ ಅಳತೆಯೆಂಬುದೂ ಒಂದೇ ಎಂದು ಯಾರು ಹೇಳಿದರು? ಈ ಭೇದವನ್ನು ಸೇನೆಯ ಹೊರಗಿನ ಒಂದು ಪ್ರಸಂಗ ಬಹಳ ಚೆನ್ನಾಗಿ ತೋರಿಸುತ್ತದೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಟಾನಿ ಮೇಯೊರಿನ್ ಎಂಬ ಮಹಿಳೆ ಕಾಳ್ಗಿಚ್ಚನ್ನು ಆರಿಸುವ ಸರ್ಕಾರಿ ದಳದಲ್ಲಿ ಸೇವೆ ಮಾಡುತ್ತಿದ್ದರು. ಅವರ ಕೆಲಸದ ಬಗೆಗೆ ಯಾವ ದೂರೂ ಇರಲಿಲ್ಲ. 1994ರಲ್ಲಿ ಸರ್ಕಾರವು ಹೊಸ ದೇಹಪರೀಕ್ಷೆಯನ್ನು ತಂದಿತು. ಅದರಲ್ಲಿ ಎರಡೂವರೆ ಕಿಲೋಮೀಟರನ್ನು 11 ನಿಮಿಷದಲ್ಲಿ ಓಡಬೇಕೆಂಬುದೂ ಒಂದು. ಆಕೆ ನಾಲ್ಕು ಸಲ ಪ್ರಯತ್ನಪಟ್ಟರು. ಎಷ್ಟು ವೇಗವಾಗಿ ಓಡಿದರೂ 49.4 ಸೆಕೆಂಡು ಹೆಚ್ಚಾಯಿತು. ಕೆಲಸ ಹೋಯಿತು.

ಮೊಕದ್ದಮೆಯು ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1999ರಲ್ಲಿ ತೀರ್ಮಾನವಾಯಿತು. ಸ್ತ್ರೀಯೆಂಬ ಕಾರಣಕ್ಕೆ ಆಕೆಗೆ ರಿಯಾಯಿತಿ ಕೊಡಿರೆಂದು ನ್ಯಾಯಾಲಯ ಹೇಳಲಿಲ್ಲ. ಕಾಳ್ಗಿಚ್ಚನ್ನು ಸುರಕ್ಷಿತವಾಗಿ ಆರಿಸಲು ಈ ಓಟದ ವೇಗ ನಿಜವಾಗಿಯೂ ಅವಶ್ಯವೆಂಬುದನ್ನು ತೋರಿಸಿರೆಂದು ಸರ್ಕಾರವನ್ನು ಕೇಳಿತು. ಸರ್ಕಾರದಿಂದ ಅದು ಸಾಧ್ಯವಾಗಲಿಲ್ಲ. ಪರೀಕ್ಷೆಯನ್ನು ರೂಪಿಸಿದ ವಿದ್ವಾಂಸರು ಆಗಲೇ ಕೆಲಸದಲ್ಲಿದ್ದ ಬಲಿಷ್ಠರು ಎಷ್ಟು ಮಾಡಬಲ್ಲರೆಂದು ನೋಡಿದ್ದರೇ ಹೊರತು, ಕೆಲಸಕ್ಕೆ ಎಷ್ಟು ಬೇಕೆಂದು ನೋಡಿರಲಿಲ್ಲ. ಅಂದರೆ ಚೀಲ ಎತ್ತುವ ಆಳಿನ ಮುಂದೆ ಸಂಗ್ರಾಣಿ ಕಲ್ಲನ್ನು ಇಟ್ಟಿದ್ದರು. ಮೇಯೊರಿನ್ ಅವರಿಗೆ ಕೆಲಸ ಮರಳಿ ಸಿಕ್ಕಿತು.

ಈ ಪ್ರಸಂಗವನ್ನು ಓದುವಾಗ ನಮಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗದಿರದು. ಮಾರಯ್ಯನವರು ದಿನದ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಬೇಕೆಂದರು. ಬೇಕಾದುದಕ್ಕಿಂತ ಕಡಿಮೆ ಮಾಡುವುದು ದೋಷವೆಂದು ಎಲ್ಲರೂ ಬಲ್ಲರು. ಬೇಕಾದುದಕ್ಕಿಂತ ಹೆಚ್ಚನ್ನು ಕೇಳುವುದೂ ದೋಷವೆಂಬ ಸೂಕ್ಷ್ಮ ಲಕ್ಕಮ್ಮನವರಿಗೆ ತಿಳಿದಿತ್ತು. ಕಾಯಕದ ಅಳತೆ ಎರಡು ಅಂಚಿನ ಕತ್ತಿಯಂತೆ. ಅದು ರಿಯಾಯಿತಿಯನ್ನು ಎಷ್ಟು ಸಹಿಸುವುದಿಲ್ಲವೋ ಆಡಂಬರವನ್ನೂ ಅಷ್ಟೇ ಸಹಿಸುವುದಿಲ್ಲ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಇಂತಹುದೇ ವಿಷಯ ಬಂದಿತು. 2020ರ ಫೆಬ್ರವರಿ 17ರಂದು ಬಬಿತಾ ಪೂನಿಯಾ ಮೊಕದ್ದಮೆಯಲ್ಲಿ ಸೇನೆಯ ಮಹಿಳಾ ಅಧಿಕಾರಿಗಳಿಗೂ ಕಾಯಂ ಸೇವೆಯನ್ನು ಕೊಡಬೇಕೆಂದು ತೀರ್ಪಾಯಿತು. ಆ ತೀರ್ಪು ಹೋರಾಟದ ದಳಗಳಿಗೆ ಸಂಬಂಧಿಸಿದುದಲ್ಲ. ಬೆಂಬಲ ಸೇವೆಗಳಿಗೆ ಸಂಬಂಧಿಸಿದುದು. ಇದನ್ನು ಮರೆತು ಅದನ್ನು ಎಲ್ಲೆಡೆ ಉದಾಹರಿಸುವವರು ಆ ತೀರ್ಪನ್ನು ಓದಿದಂತೆ ಕಾಣುವುದಿಲ್ಲ. ಹೆಚ್ಚು ಮನನೀಯವಾದುದು ಮರುವರ್ಷ, 2021ರ ಮಾರ್ಚ್ 25ರಂದು, ನಿತಿಶಾ ಮೊಕದ್ದಮೆಯಲ್ಲಿ ಬಂದ ತೀರ್ಪು. ಕಾಯಂ ಸೇವೆಗೆ ಆರಿಸುವಾಗ ಮಹಿಳೆಯರನ್ನೂ ಪುರುಷರಿಗಿದ್ದ ಶೇಪ್-1 ಎಂಬ ಆರೋಗ್ಯವರ್ಗದ ಅಳತೆಯಿಂದಲೇ ಪರೀಕ್ಷಿಸಿದ್ದರು. ಅಳತೆ ಒಂದೇ, ಹೀಗಾಗಿ ಅನ್ಯಾಯವೆಲ್ಲಿ ಎಂದು ಕೇಳಬಹುದು. ಆದರೆ ಪುರುಷರನ್ನು ಆ ಅಳತೆಗೆ ಒಡ್ಡಿದ್ದು ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ, ತಾರುಣ್ಯದಲ್ಲಿ. ಮಹಿಳೆಯರಿಗೆ ಆ ಕಾಲದಲ್ಲಿ ಬಾಗಿಲನ್ನೇ ತೆರೆಯದೆ, ವರ್ಷಗಳು ಕಳೆದು ಅವರಲ್ಲಿ ಅನೇಕರು ನಲವತ್ತು ದಾಟಿದ ಮೇಲೆ ಅದೇ ಅಳತೆಯನ್ನು ಮುಂದೆ ಹಿಡಿದರು. ಮೊದಲೇ ಕಾಯಂ ಆದ ಪುರುಷ ಸಹೋದ್ಯೋಗಿಗಳು ಆ ವಯಸ್ಸಿನಲ್ಲಿ ಆ ವರ್ಗದಿಂದ ಜಾರಿದ್ದರೂ ಸೇವೆಯಲ್ಲಿ ಮುಂದುವರಿಯುತ್ತಿದ್ದರು. ಶೇಪ್-1 ಅಳತೆಯನ್ನು ನ್ಯಾಯಾಲಯ ತೆಗೆದುಹಾಕಲಿಲ್ಲ. ಅದನ್ನು ಸರಿಯಾದ ಕಾಲಕ್ಕೆ ಅನ್ವಯಿಸಿ ನೋಡಿರೆಂದಿತು. ಹೊರಗೆ ಸಮವಾಗಿ ಕಂಡು ಒಳಗೆ ವಿಷಮವಾಗಿರುವ ಇಂತಹ ನಿಯಮಗಳನ್ನು ಗುರುತಿಸಲು ನಮ್ಮ ನ್ಯಾಯಾಲಯ ಅನುಸರಿಸಿದ್ದು, ಕೆನಡಾದ ಸರ್ವೋಚ್ಚ ನ್ಯಾಯಾಲಯವೇ 2020ರಲ್ಲಿ ಫ್ರೇಸರ್ ಮೊಕದ್ದಮೆಯಲ್ಲಿ ಹೇಳಿದ ವಿಧಾನವನ್ನು.

ಇನ್ನು ಎದುರುಪಕ್ಷದ ವಾದವನ್ನು ಅದರ ಪೂರ್ಣಬಲದೊಡನೆ ನೋಡದಿದ್ದರೆ ನಮ್ಮ ವಿಚಾರ ಏಕಪಕ್ಷೀಯವಾದೀತು. ಅಮೆರಿಕದ ಮೆರೀನ್ ದಳವು 2015ರಲ್ಲಿ ಒಂದು ದೀರ್ಘ ಪ್ರಯೋಗವನ್ನು ನಡೆಸಿ ಅದರ ಫಲಿತಾಂಶವನ್ನು ಪ್ರಕಟಿಸಿತು. ಪುರುಷರೇ ಇದ್ದ ತಂಡಗಳನ್ನೂ ಸ್ತ್ರೀಪುರುಷರಿದ್ದ ಮಿಶ್ರ ತಂಡಗಳನ್ನೂ 134 ಬಗೆಯ ರಣಕಾರ್ಯಗಳಲ್ಲಿ ಹೋಲಿಸಿದಾಗ 93ರಲ್ಲಿ ಪುರುಷ ತಂಡಗಳೇ ಮೇಲುಗೈ ಸಾಧಿಸಿದವು. ಮಿಶ್ರ ತಂಡಗಳು ವೇಗದಲ್ಲಿ ಹಿಂದೆಬಿದ್ದವು. ಗಾಯಾಳುವನ್ನು ಸಾಗಿಸುವುದರಲ್ಲಿ ತಡವಾಯಿತು. ಸ್ತ್ರೀಯರಿಗೆ ಮೂಳೆ, ಸ್ನಾಯುಗಳ ನೋವು ಹೆಚ್ಚಾಗಿ ತಗಲಿತು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಪ್ರಯೋಗ ತೋರಿಸಿದ್ದು ಗುಂಪಿನ ಸರಾಸರಿಯನ್ನು. ಆ ದಿನಗಳಲ್ಲಿ ನೌಕಾ ಇಲಾಖೆಯ ಮುಖ್ಯಸ್ಥರಾಗಿದ್ದ ರೇ ಮೇಬಸ್ ಅವರೂ ಇದೇ ಆಕ್ಷೇಪಣೆಯನ್ನು ಎತ್ತಿದರು. ಪ್ರತಿಯೊಂದು ಕಾರ್ಯಕ್ಕೂ ಇಷ್ಟು ಶಕ್ತಿ ಅವಶ್ಯವೆಂದು ಮೊದಲು ನಿಷ್ಕರ್ಷಿಸಿ, ಅದನ್ನು ದಾಟಿದವರನ್ನು ಮಾತ್ರ ತಂಡಕ್ಕೆ ಸೇರಿಸಿದ್ದರೆ ಫಲ ಏನಾಗುತ್ತಿತ್ತೆಂಬುದೇ ನಿಜವಾದ ಪ್ರಶ್ನೆ. ಅಳತೆ ಗಟ್ಟಿಯಾಗಿರಬೇಕೆಂಬುದಕ್ಕೆ ಆ ಪ್ರಯೋಗ ಬಲವಾದ ಸಾಕ್ಷಿ. ಬಾಗಿಲು ಮುಚ್ಚಿರಬೇಕೆಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಸ್ತ್ರೀಯರಿಗೆ ತಗಲುವ ಪೆಟ್ಟಿನ ವಿಷಯ ಮಾತ್ರ ಪ್ರತ್ಯೇಕವಾಗಿ ವಿಚಾರಾರ್ಹ. ಬ್ರಿಟಿಷ್ ಸೇನೆಯು 1998ರಲ್ಲಿ ಸಮಾನತೆಯ ಉತ್ಸಾಹದಿಂದ ಹೊಸ ಭರ್ತಿಯ ಗಂಡು ಹೆಣ್ಣುಗಳೆಲ್ಲರಿಗೂ ಒಂದೇ ಬಗೆಯ, ಒಟ್ಟೊಟ್ಟಿಗೆ ನಡೆಯುವ ತರಬೇತಿಯನ್ನು ಜಾರಿಗೆ ತಂದಿತು. ದೇಹಕ್ಕೆ ಅತಿಶ್ರಮವಾಗಿ ಮೂಳೆ, ಸ್ನಾಯು ಕೆಟ್ಟು ಸೇವೆಯಿಂದ ಹೊರಬೀಳುವ ಹೆಣ್ಣುಮಕ್ಕಳ ಪ್ರಮಾಣ ಶೇಕಡ 4.6ರಿಂದ 11.1ಕ್ಕೆ ಏರಿತು. ಗಂಡುಮಕ್ಕಳಲ್ಲಿ ಅದು ಶೇಕಡ ಒಂದೂವರೆಯೊಳಗೇ ಉಳಿಯಿತು. ಗಿಡ್ಡ ಕಾಲಿನ ಹುಡುಗಿ ಉದ್ದ ಕಾಲಿನ ಹುಡುಗನ ಹೆಜ್ಜೆಗೆ ಹೆಜ್ಜೆ ಹಾಕಿ ದಿನವೆಲ್ಲ ಕವಾಯತು ನಡೆದರೆ ಸೊಂಟದ ಮೂಳೆಯಲ್ಲಿ ಬಿರುಕು ಬಿಡುತ್ತದೆ. ಆಕೆಯನ್ನು ತನ್ನ ಹೆಜ್ಜೆಯಳತೆಗೆ ಬಿಟ್ಟರೆ ಅದೇ ದೂರವನ್ನು ಕ್ಷೇಮವಾಗಿ ನಡೆಯುತ್ತಾಳೆ. ಕೆಲವು ವರ್ಷಗಳಾದ ಮೇಲೆ ಆ ಸೇನೆ ಆರಂಭದ ತರಬೇತಿಯನ್ನು ಮತ್ತೆ ಬೇರ್ಪಡಿಸಿತು.

ಇಲ್ಲಿ ನಮ್ಮ ಗುರುಪರಂಪರೆಯ ಒಂದು ಅನುಭವವನ್ನು ಜ್ಞಾಪಿಸಿಕೊಳ್ಳಬಹುದು. ಷಟ್‌ಸ್ಥಲದ ಕೊನೆಯ ನೆಲೆ ಎಲ್ಲರಿಗೂ ಐಕ್ಯವೇ. ಯಾರಿಗೂ ಅರ್ಧ ಐಕ್ಯವೆಂಬುದಿಲ್ಲ. ಆದರೆ ಆ ನೆಲೆಗೆ ಕರೆದೊಯ್ಯುವಾಗ ಗುರುವು ಶಿಷ್ಯನ ಶಕ್ತಿ, ಸಂಸ್ಕಾರಗಳನ್ನರಿತು ಒಬ್ಬೊಬ್ಬನಿಗೆ ಒಂದೊಂದು ಕ್ರಮವನ್ನು ವಿಧಿಸುತ್ತಾನೆ. ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಎಳೆಯುವವನನ್ನು ಯಾರೂ ಗುರುವೆನ್ನುವುದಿಲ್ಲ. ಸೇನೆಯ ವಿಷಯದಲ್ಲಿಯೂ ಹೀಗೆಯೇ. ಕಡೆಯ ದಿನ ಹೊರಬೇಕಾದ ಹೊರೆ ಒಂದೇ ಆಗಿರಲಿ. ಆ ಹೊರೆಗೆ ದೇಹವನ್ನು ಸಿದ್ಧಗೊಳಿಸುವ ತಿಂಗಳುಗಳ ಲೆಕ್ಕ, ಹೆಜ್ಜೆಯ ಲೆಕ್ಕ, ಆಹಾರದ ಲೆಕ್ಕ ಬೇರೆಯಾಗಿರಲಿ. ಪುರುಷರ ಬೆನ್ನಿಗೆ ಹೊಲಿದ ಚೀಲವನ್ನೂ ಪುರುಷರ ಎದೆಗೆ ಎರಕ ಹೊಯ್ದ ಕವಚವನ್ನೂ ಹೆಣ್ಣುಮಗಳಿಗೆ ತೊಡಿಸಿ, ನೋಡಿರಿ ನಡೆಯಲಾರಳು ಎನ್ನುವುದು ಪರೀಕ್ಷೆಯಾಗದು.

ಯಂತ್ರದ ಮುಂದೆ ಈ ಜಂಜಾಟ ಬಹುಮಟ್ಟಿಗೆ ಇಲ್ಲವೆಂಬುದನ್ನೂ ಹೇಳಬೇಕು. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ನಮ್ಮ ವಾಯುಸೇನೆಯ ಯುದ್ಧವಿಮಾನ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯರಾದರು. ಅನಂತರ ಅವರು ಹಾಕ್ ವಿಮಾನದಲ್ಲಿ ತರಬೇತಿ ಪಡೆದದ್ದು ನಮ್ಮ ಬೀದರಿನ ವಾಯುನೆಲೆಯಲ್ಲಿ, ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ. ಆಕಾಶದಲ್ಲಿ ವಿಮಾನ ತಿರುಗುವಾಗ ದೇಹದ ಮೇಲೆ ಬೀಳುವ ಒತ್ತಡ ಗಂಡು ಹೆಣ್ಣೆಂದು ನೋಡುವುದಿಲ್ಲ. ಅಲ್ಲಿ ರಿಯಾಯಿತಿಯ ಮಾತೂ ಏಳಲಿಲ್ಲ. ತೊಡಕಿರುವುದು ನೆಲದ ಮೇಲೆ, ಬೆನ್ನ ಮೇಲೆ ಹೊರೆ ಹೊರುವಲ್ಲಿ. ನಮ್ಮ ಫಿರಂಗಿ ದಳಕ್ಕೆ 2023ರಲ್ಲಿ ಐವರು ಮಹಿಳಾ ಅಧಿಕಾರಿಗಳು ಸೇರಿದರು; ಕಾಲ್ದಳ ಮತ್ತು ಟ್ಯಾಂಕು ದಳಗಳ ಬಾಗಿಲು ಈ ಲೇಖನ ಬರೆಯುವ ಹೊತ್ತಿಗೆ ತೆರೆದಿಲ್ಲ. ತೆರೆಯುವ ದಿನ ಬರುವ ಮುನ್ನ ಹೊರದೇಶಗಳಲ್ಲಿ ನಡೆದುದನ್ನು ನಾವು ಕಣ್ಣಿಟ್ಟು ನೋಡುವುದು ಒಳಿತು.

2015ರ ಏಪ್ರಿಲ್‌ನಲ್ಲಿ ಅಮೆರಿಕದ ರೇಂಜರ್ ಶಾಲೆಗೆ ಮೊದಲ ಬಾರಿಗೆ ಸೇರಿದ ಸ್ತ್ರೀಯರು 19 ಮಂದಿ. 61 ದಿನಗಳ ಆ ತರಬೇತಿ ಲೋಕದಲ್ಲಿಯೇ ಕಠಿಣವಾದವುಗಳಲ್ಲಿ ಒಂದು. ಮೊದಲ ದಿನವೇ 49 ದಂಡ, 40 ನಿಮಿಷದಲ್ಲಿ ಐದು ಮೈಲಿಯ ಓಟ. ಮುಂದೆ ಹೊರೆ ಹೊತ್ತು ಮೂರು ಗಂಟೆಯಲ್ಲಿ 12 ಮೈಲಿಯ ನಡಿಗೆ. ಆಗಸ್ಟ್‌ನಲ್ಲಿ ಕ್ರಿಸ್ಟನ್ ಗ್ರೀಸ್ಟ್ ಮತ್ತು ಶೇ ಹೇವರ್ ಎಂಬ ಇಬ್ಬರು, ಅಕ್ಟೋಬರಿನಲ್ಲಿ ಲೀಸಾ ಜಾಸ್ಟರ್ ಎಂಬ ಮೂರನೆಯವರು ಉತ್ತೀರ್ಣರಾದರು. ಉಳಿದ 16 ಮಂದಿ ಹಿಂದಿರುಗಿದರು. ಅಷ್ಟರಲ್ಲಿಯೇ, ಇವರಿಗಾಗಿ ಅಳತೆಯನ್ನು ಇಳಿಸಿರಬೇಕೆಂಬ ಪಿಸುಮಾತು ಹಬ್ಬಿತು. ಸೇನೆ ಅದನ್ನು ನಿರಾಕರಿಸಿತು. ಈ ಪಿಸುಮಾತೇ ಹೇಳುತ್ತದೆ, ಎಲ್ಲಿಯೋ ಒಂದೆಡೆ ಅಳತೆ ಇಳಿದರೆ ಅದರ ಕಳಂಕ ಅಳತೆ ಇಳಿಸದೆಯೇ ಗೆದ್ದವಳ ಮೇಲೂ ಬೀಳುತ್ತದೆಯೆಂದು.

ಈ ನೋವನ್ನು ಅರಿತವರು ಗ್ರೀಸ್ಟ್ ಅವರೇ. ಅವರು 2016ರಲ್ಲಿ ಆ ದೇಶದ ಕಾಲ್ದಳದ ಪ್ರಥಮ ಮಹಿಳಾ ಅಧಿಕಾರಿಯಾದರು. ಅಮೆರಿಕದ ಸೇನೆ ಹಳೆಯ ಪರೀಕ್ಷೆಯನ್ನು ಬಿಟ್ಟು ಸ್ತ್ರೀಪುರುಷರಿಬ್ಬರಿಗೂ ಒಂದೇ ಆದ ಆರು ಅಂಗಗಳ ಹೊಸ ಪರೀಕ್ಷೆಯನ್ನು ತಂದಾಗ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅನುತ್ತೀರ್ಣರಾದರು. ಕಂಬಿಯಿಂದ ಜೋತು ಮೊಣಕಾಲನ್ನು ಮೊಣಕೈಗೆ ಮುಟ್ಟಿಸುವ ಒಂದು ಕಸರತ್ತೇ ಬಹುಮಂದಿಗೆ ಅಡ್ಡಿಯಾಯಿತು. ಅಳತೆಯನ್ನು ಬೇರ್ಪಡಿಸಬೇಕೆಂಬ ಕೂಗು ಎದ್ದಿತು. 2021ರ ಫೆಬ್ರವರಿಯಲ್ಲಿ ಗ್ರೀಸ್ಟ್ ಒಂದು ಲೇಖನ ಬರೆದು ಅದನ್ನು ವಿರೋಧಿಸಿದರು. ಅಳತೆಯನ್ನು ತಗ್ಗಿಸಿದರೆ ಸೇನೆಗೂ ಹಾನಿ, ಸ್ತ್ರೀಯರಿಗೂ ಹಾನಿ ಎಂಬುದು ಅವರ ವಾದದ ತಿರುಳು. ಸೇನೆ ಕೇಳಲಿಲ್ಲ. 2022ರಲ್ಲಿ ಕಂಬಿಯ ಕಸರತ್ತನ್ನು ಬಿಟ್ಟಿತು. ಅದಕ್ಕೂ ರಣರಂಗದ ಕೆಲಸಕ್ಕೂ ಇರುವ ಸಂಬಂಧ ಸಿದ್ಧವಾಗಿರಲಿಲ್ಲವಾದ್ದರಿಂದ ಬಿಟ್ಟದ್ದು ಸರಿಯೇ. ಅದರ ಜೊತೆಗೆ ಅಂಕಗಳ ಕೋಷ್ಟಕವನ್ನೂ ಕಾಲ್ದಳ, ಕಚೇರಿ ಎನ್ನದೆ ಎಲ್ಲ ಕೆಲಸಗಳಿಗೂ ಗಂಡು ಹೆಣ್ಣೆಂದು ಬೇರೆ ಬೇರೆ ಮಾಡಿತು. ಇದು ಸರಿಯಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

2025ರ ಜೂನ್ 1ರಿಂದ ಗಾಳಿ ತಿರುಗಿತು. ಹೊಸ ಕ್ರಮದಲ್ಲಿ ಹೋರಾಟಕ್ಕೆ ಸಂಬಂಧಿಸಿದ 21 ಬಗೆಯ ಕೆಲಸಗಳಿಗೆ ಸ್ತ್ರೀಪುರುಷ ಭೇದವಿಲ್ಲದ ಒಂದೇ ಅಳತೆ. ಐದು ಅಂಗಗಳಲ್ಲಿ ಒಟ್ಟು 350 ಅಂಕ ಬರಬೇಕು. ಮಿಕ್ಕ ಕೆಲಸಗಳಿಗೆ ಹಿಂದಿನಂತೆ ಭೇದವುಳ್ಳ ಅಳತೆ, 300 ಅಂಕ. ಕಾಯದ ಅಳತೆಯನ್ನೂ ಕಾಯಕದ ಅಳತೆಯನ್ನೂ ಬೇರ್ಪಡಿಸಿದ ಮಟ್ಟಿಗೆ ಇದು ಮೆಚ್ಚತಕ್ಕದ್ದು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ದೇಶದ ರಕ್ಷಣಾ ಇಲಾಖೆಯ ಮುಖ್ಯಸ್ಥರು ಈ ಅಳತೆಯನ್ನು ಪುರುಷರ ಅತ್ಯುನ್ನತ ಅಳತೆಯೆಂದು ಘೋಷಿಸಿದರು. ಕೆಲಸದ ಅಳತೆಯೆಂದಿದ್ದರೆ ಸಾಕಾಗುತ್ತಿತ್ತು. ಪುರುಷರದೆಂದ ಕೂಡಲೇ ಚೀಲವನ್ನು ಬದಿಗಿಟ್ಟು ಸಂಗ್ರಾಣಿ ಕಲ್ಲನ್ನು ಹೊರತೆಗೆದಂತಾಯಿತು.

ಇನ್ನೂ ಒಂದು ಸೋಜಿಗವುಂಟು. ಗಂಡು ಹೆಣ್ಣಿನ ಭೇದವನ್ನು ಅಳಿಸಿದ ಆ 21 ಕೆಲಸಗಳ ಕೋಷ್ಟಕದಲ್ಲಿ ವಯಸ್ಸಿನ ಭೇದ ಹಾಗೆಯೇ ಉಳಿದಿದೆ. ಅದೇ ಹೊರೆ, ಅದೇ ಕಂದಕ. ಆದರೆ ನಲವತ್ತು ದಾಟಿದ ಯೋಧನಿಗೆ ಇಪ್ಪತ್ತರ ಯೋಧನಿಗಿಂತ ಕಡಿಮೆ ಭಾರ, ಹೆಚ್ಚು ಸಮಯ. ಶತ್ರುವಿನ ಗುಂಡು ಹೆಣ್ಣೆಂದು ಕನಿಕರ ತೋರಿಸುವುದಿಲ್ಲ ಎಂದು ವಾದಿಸಿದವರೇ ಅದು ಹಿರಿಯನೆಂದು ಕನಿಕರ ತೋರಿಸುತ್ತದೆಂದು ನಂಬಿದಂತೆ ಕಾಣುತ್ತದೆ. ಹಿರಿಯನ ಅನುಭವ, ನಾಯಕತ್ವಗಳು ದೇಹಬಲದ ಕೊರತೆಯನ್ನು ತುಂಬುತ್ತವೆಯೆಂದು ಅವರು ಉತ್ತರ ಕೊಟ್ಟಾರು. ಕೊಡಲಿ, ಅದರಲ್ಲಿ ಅರ್ಥವುಂಟು. ಆದರೆ ಆಗ ತೋಳಿನ ಬಲವೊಂದೇ ಯೋಧನ ಯೋಗ್ಯತೆಯಲ್ಲವೆಂದು ಅವರೇ ಒಪ್ಪಿದಂತಾಯಿತು. ಕೆನಡಾದಲ್ಲಿ 1989ರಲ್ಲಿಯೇ ಮಾನವಹಕ್ಕುಗಳ ನ್ಯಾಯಮಂಡಳಿಯ ಆದೇಶದಿಂದ ಜಲಾಂತರ್ಗಾಮಿಗಳೊಂದನ್ನು ಬಿಟ್ಟು ಹೋರಾಟದ ಎಲ್ಲ ಕೆಲಸಗಳೂ ಸ್ತ್ರೀಯರಿಗೆ ತೆರೆದವು. 2000ದಲ್ಲಿ ಅದೂ ತೆರೆಯಿತು. 2013ರ ಸುಮಾರಿಗೆ ಆ ಸೇನೆ ತನ್ನ ಎಲ್ಲ ಸಿಬ್ಬಂದಿಗೂ ಗೊತ್ತುಪಡಿಸಿದ ಪರೀಕ್ಷೆಯಲ್ಲಿ ದಂಡವೂ ಇಲ್ಲ, ಕಂಬಿಯೂ ಇಲ್ಲ. ಅಡ್ಡ ಬಿದ್ದು ಎದ್ದು ಓಡಬೇಕು. ಮರಳು ತುಂಬಿದ ಚೀಲಗಳನ್ನು ಎಳೆಯಬೇಕು. 20 ಕಿಲೋದ ಮರಳಿನ ಚೀಲವನ್ನು ಒಂದು ಮೀಟರಿನ ಎತ್ತರಕ್ಕೆ ಮೂರೂವರೆ ನಿಮಿಷದಲ್ಲಿ 30 ಸಲ ಎತ್ತಬೇಕು. ಉತ್ತೀರ್ಣರಾಗಲು ಗಂಡಿಗೂ ಹೆಣ್ಣಿಗೂ, ಹೊಸದಾಗಿ ಸೇರಿದವನಿಗೂ ನಿವೃತ್ತಿಯ ಅಂಚಿನಲ್ಲಿರುವವನಿಗೂ ಎಣಿಕೆ ಮೂವತ್ತೇ.